ಮನಸ್ಸಿನ ಗಾಯಕ್ಕೆ ಮಾತೇ ಮದ್ದು

ಮಗು ಆಡುವಾಗ ಬಿದ್ದು ಬರುತ್ತದೆ. ಮೊಣಕಾಲು ತರಚಿರುತ್ತದೆ. ರಕ್ತ ಬರುತ್ತಿರುತ್ತದೆ. ಆಗ ನಾವು ಏನು ಮಾಡ್ತೀವಿ? ಗಾಯ ತೊಳೆಯುತ್ತೇವೆ. ಮುಲಾಮು ಹಚ್ಚುತ್ತೇವೆ. ಬಟ್ಟೆ ಕಟ್ಟುತ್ತೇವೆ. ಗಾಯ ದೊಡ್ಡದಾಗಿದ್ದರೆ ದವಾಖಾನೆಗೆ ಕರೆದುಕೊಂಡು ಹೋಗುತ್ತೇವೆ. "ಗಾಯ ಯಾಕೆ ಮಾಡಿಕೊಂಡೆ, ಇವತ್ತೇ ವಾಸಿ ಮಾಡಿಕೋ" ಅಂತ ಯಾರೂ ಬೈಯುವುದಿಲ್ಲ.

ಮನಸ್ಸಿಗೂ ಗಾಯ ಆಗುತ್ತದೆ. ಆ ಗಾಯ ಕಣ್ಣಿಗೆ ಕಾಣುವುದಿಲ್ಲ. ರಕ್ತ ಬರುವುದಿಲ್ಲ. ಹಾಗಾಗಿ ನಾವು ಅದನ್ನು ಹಟ ಅಂತೀವಿ. ಸೋಮಾರಿತನ ಅಂತೀವಿ. ಗಾಳಿ ಸೋಕಿದೆ ಅಂತೀವಿ. ಮಗುವಿಗೆ ಬೈಯುತ್ತೇವೆ, ಹೊಡೆಯುತ್ತೇವೆ. ಗಾಯದ ಮೇಲೆ ಇನ್ನೊಂದು ಗಾಯ ಆಗುತ್ತದೆ.

ಮನಸ್ಸಿನ ಗಾಯಕ್ಕೂ ಮದ್ದು ಇದೆ. ಆ ಮದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಮಾತು. ಮಾತಿಗಿಂತ ಹೆಚ್ಚಾಗಿ, ಮಗುವಿನ ಮಾತನ್ನು ಕೇಳುವ ಕಿವಿ. ಈ ಪಾಠದಲ್ಲಿ ಅದನ್ನೇ ನಾವೆಲ್ಲ ಕೂಡಿ ತಿಳಿಯೋಣ.

ಹೊಳೆ ದಂಡೆಯ ಹುಡುಗಿ

ಮೊದಲು ಒಂದು ಕತೆ ಓದೋಣ. ಇದು ಈ ಪಾಠಕ್ಕಾಗಿ ನಾವು ಕಟ್ಟಿದ ಕತೆ. ಆದರೆ ಕತೆಯಲ್ಲಿ ಬರುವ ನೆರೆ ನಿಜವಾಗಿ ಬಂದದ್ದು.

2019ರ ಆಗಸ್ಟ್ ತಿಂಗಳು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳಿಗೆ ನೀರು ನುಗ್ಗಿತು. ಜನ ಮನೆ ಮಠ ಬಿಟ್ಟು ಗಂಜಿ ಕೇಂದ್ರ ಸೇರಿದರು.

ಅಂಥ ಒಂದು ಊರಲ್ಲಿ ಒಬ್ಬ ಹುಡುಗಿ ಇದ್ದಳು. ವಯಸ್ಸು 12. ಏಳನೇ ತರಗತಿ. ಓದಿನಲ್ಲಿ ಚುರುಕು. ನೆರೆ ಬಂದ ರಾತ್ರಿ ಅಪ್ಪ ಅವ್ವ ಅಜ್ಜಿಯನ್ನು ಎತ್ತಿಕೊಂಡು ಮುಂದೆ ಹೋದರು. ಹುಡುಗಿ ತಮ್ಮನ ಕೈ ಹಿಡಿದು ಹಿಂದೆ ನಡೆದಳು. ನೀರು ಅವಳ ಎದೆ ಮಟ್ಟ ಬಂದಿತ್ತು. ಕೊನೆಗೆ ಎಲ್ಲರೂ ಗುಡಿಯ ಮಾಳಿಗೆ ಏರಿ ಉಳಿದರು. ಕೊಟ್ಟಿಗೆಯಲ್ಲಿದ್ದ ಎಮ್ಮೆ, ಕರು ಕೊಚ್ಚಿಕೊಂಡು ಹೋದವು.

ನೀರು ಇಳಿಯಿತು. ಮನೆ ತೊಳೆದರು. ಸಾಲಿ ಶುರು ಆಯಿತು. ಆದರೆ ಹುಡುಗಿ ಮೊದಲಿನ ಹಾಗೆ ಇರಲಿಲ್ಲ.

"ಏಳವ್ವಾ, ಸಾಲಿ ಟೈಮ್ ಆತು" ಅಂತ ಅವ್ವ ಎಬ್ಬಿಸುತ್ತಿದ್ದಳು.

"ಯವ್ವಾ, ಹೊಟ್ಟಿ ನೋಯಾಕತ್ತೈತಿ" ಅಂತ ಹುಡುಗಿ ಮುಸುಕು ಹಾಕಿಕೊಳ್ಳುತ್ತಿದ್ದಳು.

ರಾತ್ರಿ ಕಿರುಚಿ ಏಳುತ್ತಿದ್ದಳು. ಮಳೆ ಹನಿ ತಗಡಿನ ಮೇಲೆ ಬಿದ್ದರೆ ಸಾಕು, ಮೈ ನಡುಗುತ್ತಿತ್ತು. ಎಮ್ಮೆ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಯಾರ ಜತೆಗೂ ಮಾತಿಲ್ಲ. ಊಟ ಸೇರುತ್ತಿರಲಿಲ್ಲ.

ಅಜ್ಜಿ ಅಂದಳು: "ಹೊಳ್ಯಾಗ ಏನೋ ಹಿಡದೈತಿ ಕೂಸಿಗಿ. ತಾಯತ ಕಟ್ಟಸ್ರಿ."

ಮಾವ ಅಂದ: "ಹೆಣ್ಣ ಹುಡುಗಿ. ಸಾಲಿ ಬಿಡಿಸಿ ಮದುವಿ ಮಾಡ್ರಿ. ತಾನ ಸರಿಹೋಗ್ತಾಳ."

ತಾಯತ ಕಟ್ಟಿಸಿದರು. ಹೆದರಿಕೆ ಹೋಗಲಿಲ್ಲ. ದೀಪಾವಳಿ ಬಂತು, ಹೋಯಿತು. ಮನೆಯಲ್ಲಿ ಮದುವೆ ಮಾತು ನಡೆದೇ ಇತ್ತು.

ಅಕ್ಕ ತಂಗಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಈ ಹುಡುಗಿಗೆ ಏನಾಗಿದೆ?

ಯಾಕೆ ಹೀಗಾಗುತ್ತದೆ?

ದೊಡ್ಡ ಅಪಾಯ ಬಂದಾಗ ನಮ್ಮ ಮೈಯಲ್ಲಿ ಒಂದು ಗಂಟೆ ಬಾರಿಸಿದ ಹಾಗೆ ಆಗುತ್ತದೆ. ಎದೆ ಡವಡವ ಅನ್ನುತ್ತದೆ. ಮೈ ಬೆವರುತ್ತದೆ. ಉಸಿರು ಜೋರಾಗುತ್ತದೆ. ಓಡಲಿಕ್ಕೆ ಕಾಲಿಗೆ ಬಲ ಬರುತ್ತದೆ. ಇದು ಒಳ್ಳೆಯದೇ. ನಮ್ಮನ್ನು ಉಳಿಸಲಿಕ್ಕೆ ಮಿದುಳು ಮಾಡುವ ಕೆಲಸ ಇದು.

ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು. ಕೆಲವರಲ್ಲಿ ಅದು ನಿಲ್ಲುವುದಿಲ್ಲ. ನೀರು ಇಳಿದು ಮೂರು ತಿಂಗಳಾದರೂ ಒಳಗೆ ಗಂಟೆ ಹೊಡೆಯುತ್ತಲೇ ಇರುತ್ತದೆ. ಒಂದು ಸಪ್ಪಳ, ಒಂದು ವಾಸನೆ, ಒಂದು ಜಾಗ ಸಾಕು. ಆ ರಾತ್ರಿ ಈಗಲೇ ನಡೆಯುತ್ತಿದೆ ಅನಿಸುತ್ತದೆ. ಇದನ್ನು ಆಘಾತ ಅಂತಾರೆ. ಆಘಾತ ಅಂದರೆ ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟು.

ನೆರೆಯಿಂದ ಮಾತ್ರ ಆಘಾತ ಆಗುವುದಿಲ್ಲ. ಬೆಂಕಿ ಬಿದ್ದಾಗ ಆಗಬಹುದು. ಬಸ್ಸು, ಮೋಟಾರು ಅಪಘಾತ ನೋಡಿದಾಗ ಆಗಬಹುದು. ಹತ್ತಿರದವರು ತಟ್ಟನೆ ಸತ್ತಾಗ ಆಗಬಹುದು. ಅಪ್ಪ ಕುಡಿದು ಬಂದು ಅವ್ವನನ್ನು ಹೊಡೆಯುವುದನ್ನು ದಿನಾ ನೋಡುವ ಮಗುವಿಗೂ ಆಗಬಹುದು. ಯಾರಾದರೂ ಮಗುವಿನ ಮೈ ಮುಟ್ಟಿ ಕೆಟ್ಟದಾಗಿ ನಡೆದುಕೊಂಡಾಗಲೂ ಆಗುತ್ತದೆ.

ಮಕ್ಕಳು "ನನಗೆ ಆಘಾತ ಆಗಿದೆ" ಅಂತ ಹೇಳುವುದಿಲ್ಲ. ಅವರ ಮೈ ಹೇಳುತ್ತದೆ. ಅವರ ನಡತೆ ಹೇಳುತ್ತದೆ. ನಾವು ಅದನ್ನು ಓದಲು ಕಲಿಯಬೇಕು. ಅಕ್ಷರ ಓದಲು ಕಲಿತ ನಮಗೆ ಮಗುವಿನ ಮುಖ ಓದುವುದು ಕಷ್ಟವಲ್ಲ.

ಗುರುತಿಸುವುದು ಹೇಗೆ?

ಚಿಕ್ಕ ಮಕ್ಕಳಲ್ಲಿ: ಬಿಟ್ಟು ಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರು ಆಗುತ್ತದೆ. ಅವ್ವನ ಸೆರಗು ಬಿಡುವುದಿಲ್ಲ. ಬೆರಳು ಚೀಪುತ್ತವೆ. ನಡೆದದ್ದನ್ನೇ ಮತ್ತೆ ಮತ್ತೆ ಆಟ ಆಡುತ್ತವೆ. ನೆರೆ ನೋಡಿದ ಮಗು ಗೊಂಬೆಯನ್ನು ಮತ್ತೆ ಮತ್ತೆ ನೀರಲ್ಲಿ ಮುಳುಗಿಸಬಹುದು.

ಸಾಲಿಗೆ ಹೋಗುವ ಮಕ್ಕಳಲ್ಲಿ: ಹೊಟ್ಟೆ ನೋವು, ತಲೆ ನೋವು ಅನ್ನುತ್ತಾರೆ. ಡಾಕ್ಟರು ನೋಡಿದರೆ ಬೇರೆ ರೋಗ ಇರುವುದಿಲ್ಲ. ಆದರೂ ನೋವು ಸುಳ್ಳಲ್ಲ. ಕೆಟ್ಟ ಕನಸು ಬೀಳುತ್ತದೆ. ಪಾಠ ತಲೆಗೆ ಹೋಗುವುದಿಲ್ಲ. ಸಾಲಿ ಬೇಡ ಅನ್ನುತ್ತಾರೆ. "ನನ್ನಿಂದಲೇ ಹೀಗಾಯಿತು" ಅಂತ ಒಳಗೊಳಗೇ ಕೊರಗುತ್ತಾರೆ.

ಹರೆಯದ ಮಕ್ಕಳಲ್ಲಿ: ಮಾತು ಮಾತಿಗೆ ಸಿಟ್ಟು. ಇಲ್ಲವೇ ಪೂರಾ ಮೌನ. ಗೆಳೆಯರನ್ನು ಬಿಡುತ್ತಾರೆ. ರಾತ್ರಿ ನಿದ್ದೆ ಇಲ್ಲ. ಕೆಲವರು ಗುಟ್ಕಾ, ಕುಡಿತಕ್ಕೆ ಬೀಳುತ್ತಾರೆ. ಕೆಲವರು ಬ್ಲೇಡಿನಿಂದ ಕೈ ಕೊಯ್ದುಕೊಳ್ಳುತ್ತಾರೆ. "ಬದುಕಿ ಏನು ಮಾಡೋದು" ಅನ್ನುತ್ತಾರೆ.

ಈ ಕೊನೆಯ ಮಾತನ್ನು ಹಗುರಾಗಿ ತಗೋಬೇಡಿ. ಸಾವಿನ ಮಾತು ಆಡುವ ಮಗುವನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧ, ಹಗ್ಗ, ಮಾತ್ರೆ ಎಲ್ಲ ಕೈಗೆ ಸಿಗದ ಹಾಗೆ ಇಡಿ. ಅದೇ ದಿನ ದವಾಖಾನೆಗೆ ಕರೆದುಕೊಂಡು ಹೋಗಿ.

ಮೊದಲ ದಿನಗಳಲ್ಲಿ ನಾವು ಏನು ಮಾಡಬೇಕು?

ಪೆಟ್ಟು ಬಿದ್ದ ಎಲ್ಲ ಮಕ್ಕಳಿಗೂ ಚಿಕಿತ್ಸೆ ಬೇಕಾಗುವುದಿಲ್ಲ. ಮನೆಯವರ ಪ್ರೀತಿ ಸಿಕ್ಕರೆ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಅದಕ್ಕೆ ನಾವು ಮಾಡಬೇಕಾದದ್ದು ಇಷ್ಟು.

1. ಮಗು ಈಗ ಸುರಕ್ಷಿತವಾಗಿದೆ ಅಂತ ಅದಕ್ಕೆ ತಿಳಿಯಬೇಕು. "ನಾನು ಇಲ್ಲೇ ಇದ್ದೀನಿ" ಅಂತ ಹೇಳಿ. ರಾತ್ರಿ ಹತ್ತಿರ ಮಲಗಿಸಿಕೊಳ್ಳಿ.

2. ದಿನಚರಿ ಬೇಗ ಮೊದಲಿನಂತೆ ಆಗಲಿ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಸಾಲಿ, ಆಟ. ಇವು ಮಗುವಿಗೆ ಧೈರ್ಯ ಕೊಡುತ್ತವೆ.

3. ಮಗು ಮಾತಾಡಿದರೆ ಕೈಯಲ್ಲಿನ ಕೆಲಸ ಬಿಟ್ಟು ಕೇಳಿ. ಮಧ್ಯೆ ಬಾಯಿ ಹಾಕಬೇಡಿ. "ಅಷ್ಟಕ್ಕೆಲ್ಲ ಅಳ್ತಾರಾ" ಅನ್ನಬೇಡಿ. "ಮರೆತುಬಿಡು" ಅನ್ನಬೇಡಿ. ಮರೆ ಅಂದರೆ ಮರೆಯಲು ಆಗುತ್ತದೆಯೇ?

4. ಮಗು ಮಾತಾಡದಿದ್ದರೆ ಒತ್ತಾಯ ಮಾಡಬೇಡಿ. ಬಂದವರ ಎದುರಿಗೆಲ್ಲ "ಏನಾಯ್ತು ಹೇಳು" ಅಂತ ಕೇಳಬೇಡಿ. ಹಸಿ ಗಾಯವನ್ನು ಪದೇ ಪದೇ ಕೆದಕಬಾರದು.

5. ಮಗುವಿಗೆ ನಿಜ ಹೇಳಿ. ಅಜ್ಜ ಸತ್ತಿದ್ದರೆ "ಊರಿಗೆ ಹೋಗ್ಯಾನ" ಅನ್ನಬೇಡಿ. ಮಗುವಿಗೆ ತಿಳಿಯುವ ಮಾತಿನಲ್ಲಿ ಸತ್ಯ ಹೇಳಿ. ಜತೆಯಲ್ಲಿ ಕೂತು ಅಳಿ. ಅಳುವುದು ತಪ್ಪಲ್ಲ. ಗಂಡು ಮಗು ಅತ್ತರೂ ತಪ್ಪಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದಕ್ಕೆಂದೇ ಒಂದು ಕೈಪಿಡಿ ತಂದಿತು. ಅದರಲ್ಲಿ ಮೂರು ಮುಖ್ಯ ಮಾತುಗಳಿವೆ. ನೋಡು, ಕೇಳು, ಜೋಡಿಸು. ಯಾರಿಗೆ ಏನು ಬೇಕು ಅಂತ ನೋಡು. ಅವರು ಹೇಳುವುದನ್ನು ಕೇಳು. ಸಹಾಯ ಸಿಗುವ ಕಡೆಗೆ ಅವರನ್ನು ಜೋಡಿಸು. ಇದಕ್ಕೆ ಡಾಕ್ಟರೇ ಬೇಕು ಅಂತಿಲ್ಲ. ಪಕ್ಕದ ಮನೆಯ ಅಕ್ಕನೂ ಮಾಡಬಹುದು.

ಒಂದು ತಿಂಗಳು ಕಳೆದರೂ ಹೆದರಿಕೆ ಹೋಗಲಿಲ್ಲ ಅನ್ನಿ. ನಿದ್ದೆ, ಊಟ, ಸಾಲಿ ಎಲ್ಲ ಕೆಟ್ಟಿದೆ ಅನ್ನಿ. ಆಗ ತಜ್ಞರ ಹತ್ತಿರ ಹೋಗಲೇಬೇಕು.

ಮಾತಿನ ಚಿಕಿತ್ಸೆ ಅಂದರೆ ಏನು?

ಮಾತಿನ ಚಿಕಿತ್ಸೆ ಕೊಡುವವರು ತರಬೇತಿ ಪಡೆದವರು. ಅವರನ್ನು ಆಪ್ತ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಂತ ಕರೆಯುತ್ತಾರೆ. ಆಪ್ತ ಸಮಾಲೋಚನೆ ಅಂದರೆ ಬರೀ ಬುದ್ಧಿಮಾತು ಹೇಳುವುದಲ್ಲ. ಮಗು ತನ್ನ ಕಷ್ಟವನ್ನು ಹೇಳಿಕೊಳ್ಳಲು, ಅರ್ಥ ಮಾಡಿಕೊಳ್ಳಲು, ಎದುರಿಸಲು ಸಹಾಯ ಮಾಡುವುದು.

ಇದರಲ್ಲಿ ಕರೆಂಟು ಕೊಡುವುದಿಲ್ಲ. ಸೂಜಿ ಚುಚ್ಚುವುದಿಲ್ಲ. ಕಟ್ಟಿ ಹಾಕುವುದಿಲ್ಲ. ಮಗು ಮತ್ತು ಸಮಾಲೋಚಕರು ಒಂದು ಕೋಣೆಯಲ್ಲಿ ಕೂತು ಮಾತಾಡುತ್ತಾರೆ. ಚಿಕ್ಕ ಮಕ್ಕಳಾದರೆ ಗೊಂಬೆ, ಮಣ್ಣು, ಬಣ್ಣ ಇರುತ್ತವೆ. ಮಗು ಬಾಯಲ್ಲಿ ಹೇಳದ್ದನ್ನು ಚಿತ್ರದಲ್ಲಿ ಹೇಳುತ್ತದೆ. ಆಟದಲ್ಲಿ ಹೇಳುತ್ತದೆ.

ಹೆಚ್ಚು ಪರೀಕ್ಷೆಯಾಗಿ ಒಳ್ಳೆಯದು ಅಂತ ಕಂಡುಬಂದ ಒಂದು ವಿಧಾನ ಇದೆ. ಸಾಮಾನ್ಯವಾಗಿ ವಾರಕ್ಕೆ ಒಂದು ಸಲ, ಸುಮಾರು ಒಂದು ತಾಸು. ಹೀಗೆ 12ರಿಂದ 16 ವಾರ. ಮಗುವಿನ ಜತೆ ಬೇರೆ ಮಾತು. ತಾಯಿ ತಂದೆಯ ಜತೆ ಬೇರೆ ಮಾತು. ಕೊನೆಗೆ ಎಲ್ಲರೂ ಕೂಡಿ ಮಾತು. ಕೆಲವರಿಗೆ ಬೇಗ ಗುಣ ಆಗುತ್ತದೆ, ಕೆಲವರಿಗೆ ಹೆಚ್ಚು ದಿನ ಬೇಕು.

ಈಗ ನಮ್ಮ ಕತೆಯ ಹುಡುಗಿಯ ಹತ್ತಿರ ಹೋಗೋಣ.

ಕತೆ ಮುಂದುವರಿಯಿತು

ಸಾಲಿಯ ಅಕ್ಕೋರು ಹುಡುಗಿಯ ಮನೆಗೆ ಬಂದರು. ಅವ್ವನಿಗೆ ಹೇಳಿದರು: "ಆಕಿ ಹಟಾ ಮಾಡಾಕತ್ತಿಲ್ಲ ತಾಯಿ. ಹೆದರಾಳ. ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ."

ಅವ್ವನಿಗೆ ಅಂಜಿಕೆ. "ಹುಚ್ಚಿ ಅಂತ ಹೆಸರ ಬರತೈತ್ರಿ. ನಾಳೆ ಯಾರ ಲಗ್ನಾ ಆಗ್ತಾರ?"

"ಹುಚ್ಚಲ್ಲವ್ವಾ. ಕಾಲ ಮುರದ್ರ ದವಾಖಾನಿಗಿ ಹೋಗೂದಿಲ್ಲೇನು? ಇದೂ ಹಂಗ."

ಅವ್ವ ಗಟ್ಟಿ ಮನಸ್ಸು ಮಾಡಿದಳು. ಮಗಳನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದಳು. ಅಲ್ಲಿ ಡಾಕ್ಟರು ಮೊದಲು ಮೈ ಪರೀಕ್ಷೆ ಮಾಡಿದರು. ಆಮೇಲೆ ಸಮಾಲೋಚಕಿಯ ಹತ್ತಿರ ಕಳಿಸಿದರು.

ಸಮಾಲೋಚಕಿ ನಕ್ಕು ಕರೆದರು. "ಬಾರವ್ವಾ, ಕೂಡು. ನಿನಗ ಬೇಕಾದಷ್ಟ ಹೇಳು. ಬ್ಯಾಡ ಅನಿಸಿದ್ರ ಬ್ಯಾಡ ಅನ್ನು."

ಮೊದಲ ದಿನ ಹುಡುಗಿ ಮಾತಾಡಲಿಲ್ಲ. ಸಮಾಲೋಚಕಿಯೂ ಒತ್ತಾಯ ಮಾಡಲಿಲ್ಲ. ಒಂದೇ ಮಾತು ಹೇಳಿದರು: "ದೊಡ್ಡ ಹೆದರಿಕೆ ಆದವರಿಗೆ ಹಿಂಗ ಆಗತೈತಿ. ನಿನ್ನೊಬ್ಬಾಕಿಗೇ ಅಲ್ಲ. ಇದು ವಾಸಿ ಆಗತೈತಿ." ಹುಡುಗಿ ತಲೆ ಎತ್ತಿ ನೋಡಿದಳು.

ಎರಡನೇ ವಾರ ಉಸಿರಾಟ ಕಲಿಸಿದರು. ನಾವೂ ಅದನ್ನು ಕಲಿಯೋಣ. ಒಂದು ಕೈ ಹೊಟ್ಟೆಯ ಮೇಲೆ ಇಡಿ. ಮೂಗಿನಿಂದ ನಿಧಾನ ಉಸಿರು ಎಳೆಯಿರಿ. ಮನಸ್ಸಿನಲ್ಲೇ 1, 2, 3 ಎಣಿಸಿ. ಹೊಟ್ಟೆ ಉಬ್ಬಬೇಕು. ಈಗ ಇನ್ನೂ ನಿಧಾನವಾಗಿ ಬಿಡಿ. 1ರಿಂದ 5 ಎಣಿಸಿ. ಹೀಗೆ ಹತ್ತು ಸಲ. ಎದೆಯ ಡವಡವ ಇಳಿಯುತ್ತದೆ.

ಆಮೇಲೆ ಭಾವನೆಗಳಿಗೆ ಹೆಸರು ಇಡುವುದನ್ನು ಕಲಿಸಿದರು. ಹೆದರಿಕೆ ಯಾವುದು, ದುಃಖ ಯಾವುದು, ಸಿಟ್ಟು ಯಾವುದು, ನಾಚಿಕೆ ಯಾವುದು. ಹೆಸರು ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ. ಹುಡುಗಿ ಬಣ್ಣದಲ್ಲಿ ತೋರಿಸಿದಳು. ಹೆದರಿಕೆಗೆ ಕಪ್ಪು. ಸಿಟ್ಟಿಗೆ ಕೆಂಪು.

ಐದನೇ ವಾರದಿಂದ ಆ ರಾತ್ರಿಯ ಕತೆ ಶುರು ಆಯಿತು. ಒಂದೇ ಸಲ ಪೂರ್ತಿ ಅಲ್ಲ. ಮೊದಲು ಆ ದಿನದ ಮಧ್ಯಾಹ್ನ. ಆಮೇಲೆ ಸಂಜೆ. ಆಮೇಲೆ ನೀರು ಬಂದ ಗಳಿಗೆ. ಹೇಳುವಾಗ ಎದೆ ಹೊಡೆದುಕೊಂಡರೆ ನಿಲ್ಲಿಸಿ ಉಸಿರು ಬಿಡುವುದು. ಮತ್ತೆ ಸ್ವಲ್ಪ ಮುಂದೆ. ಹುಡುಗಿಗೆ ಬರೆಯಲು ಬರುತ್ತಿತ್ತು. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಳು.

ಒಂದು ದಿನ ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಅಕ್ಕೋರ, ನಾ ಹಗ್ಗ ಬಿಚ್ಚಲಿಲ್ರಿ. ಕರಾ ಒದರಾಕತ್ತಿತ್ತು. ನಾ ಬಿಟ್ಟು ಬಂದೆ. ಅದು ಸತ್ತದ್ದು ನನ್ನಿಂದ."

ಇಷ್ಟು ದಿನ ಅವಳ ಹೊಟ್ಟೆಯೊಳಗೆ ಇದ್ದ ಮುಳ್ಳು ಇದೇ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಸಮಾಲೋಚಕಿ "ಇಲ್ಲ, ಹಂಗ ಅನಬ್ಯಾಡ" ಅಂತ ಬಾಯಿ ಮುಚ್ಚಿಸಲಿಲ್ಲ. ಪ್ರಶ್ನೆ ಕೇಳಿದರು.

"ನೀರು ಎಲ್ಲಿ ಮಟಾ ಇತ್ತು?"

"ಎದಿ ಮಟಾ."

"ನಿನ್ನ ಕೈಯಾಗ ಏನಿತ್ತು?"

"ತಮ್ಮನ ಕೈ."

"ಹಗ್ಗ ಬಿಚ್ಚಾಕ ಎಷ್ಟ ಕೈ ಬೇಕು?"

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಎರಡ ಕೈ ಬೇಕ್ರಿ. ತಮ್ಮನ ಕೈ ಬಿಡಬೇಕಾಗತಿತ್ತು."

ಕೊನೆಯ ವಾರಗಳಲ್ಲಿ ಅವ್ವನನ್ನೂ ಕೂಡಿಸಿದರು. ಅದಕ್ಕೆ ಮೊದಲೇ ಅವ್ವನ ಜತೆ ಸಮಾಲೋಚಕಿ ಬೇರೆಯಾಗಿ ಮಾತಾಡಿದ್ದರು. ಹೇಗೆ ಕೇಳಬೇಕು, ಏನು ಅನ್ನಬಾರದು ಅಂತ ತಿಳಿಸಿದ್ದರು. ಹುಡುಗಿ ತಾನು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದಳು. ಅವ್ವ ಪೂರ್ತಿ ಕೇಳಿದಳು. ಕಣ್ಣಲ್ಲಿ ನೀರು.

"ಇಷ್ಟ ದಿನಾ ಇದನ್ನ ಹೊಟ್ಟ್ಯಾಗ ಇಟ್ಕೊಂಡಿದ್ದೇನ ಮಗಳ? ಕರಾ ಹೋತು. ಆದ್ರ ನಿನ್ನ ತಮ್ಮ ಉಳದಾನ. ಅವನ ಕೈ ಬಿಡದ ಹಿಡಕೊಂಡಾಕಿ ನೀನ."

ಇದರ ನಡುವೆ ಇನ್ನೊಂದು ಕೆಲಸವೂ ನಡೆದಿತ್ತು. ಹೆದರಿಕೆಯ ಜಾಗಕ್ಕೆ ಮೆಲ್ಲ ಮೆಲ್ಲ ಹೋಗುವುದು. ಮೊದಲ ವಾರ ಓಣಿಯ ತುದಿಯಿಂದ ಹೊಳೆ ನೋಡುವುದು. ಮುಂದಿನ ವಾರ ಇನ್ನಷ್ಟು ಹತ್ತಿರ. ಅವ್ವನ ಕೈ ಹಿಡಿದು, ಉಸಿರು ಎಣಿಸುತ್ತ. 2020ರ ಸಂಕ್ರಾಂತಿಗೆ ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋದರು. ಹುಡುಗಿಯೂ ಹೋದಳು. ನೀರಿಗೆ ಇಳಿಯಲಿಲ್ಲ. ದಂಡೆಯಲ್ಲಿ ಕೂತು ಸಜ್ಜೆ ರೊಟ್ಟಿ ತಿಂದಳು. ಅಷ್ಟೇ ಸಾಕಾಗಿತ್ತು.

ಸಾಲಿಗೆ ಹೋಗತೊಡಗಿದಳು. ಮಳೆ ಬಂದರೆ ಈಗಲೂ ಒಮ್ಮೆ ಎದೆ ಝಲ್ಲೆನ್ನುತ್ತದೆ. ಆದರೆ ಏನು ಮಾಡಬೇಕು ಅಂತ ಅವಳಿಗೆ ಗೊತ್ತು. ಮದುವೆ ಮಾತು ಎತ್ತಿದ ಮಾವನಿಗೆ ಅವ್ವನೇ ಉತ್ತರ ಕೊಟ್ಟಳು: "ಹದಿನೆಂಟ ತುಂಬಲಿ. ಓದು ಮುಗೀಲಿ. ಆಮ್ಯಾಲ ನೋಡೂಣು."

ಅವ್ವ ಹೇಳಿದ್ದು ಸರಿ. 18 ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರೋಧ. ಹೆದರಿದ ಮಗುವಿಗೆ ಮದುವೆ ಔಷಧವೂ ಅಲ್ಲ.

ಹೇಳಿಕೊಂಡರೆ ಯಾಕೆ ಹಗುರಾಗುತ್ತದೆ?

ನೂಲಿನ ಉಂಡೆ ಗಂಟು ಬಿದ್ದಿದೆ ಅನ್ನಿ. ಜಗ್ಗಿದರೆ ಗಂಟು ಬಿಗಿ ಆಗುತ್ತದೆ. ಮೂಲೆಗೆ ಎಸೆದರೂ ಗಂಟು ಹಾಗೇ ಇರುತ್ತದೆ. ತುದಿ ಹುಡುಕಿ ಒಂದೊಂದೇ ಎಳೆ ಬಿಡಿಸಬೇಕು. ಆಘಾತದ ನೆನಪೂ ಹೀಗೆಯೇ. ಒಂದು ಸಪ್ಪಳ, ಒಂದು ಚಿತ್ರ, ಒಂದು ಅಂಜಿಕೆ, ಎಲ್ಲ ಕಲೆಸಿ ಹೋಗಿರುತ್ತದೆ. ಮೊದಲು ಏನಾಯಿತು, ಆಮೇಲೆ ಏನಾಯಿತು, ಕೊನೆಗೆ ಹೇಗೆ ಉಳಿದೆವು ಅಂತ ವರಸೆಯಾಗಿ ಹೇಳಿದಾಗ ಗಂಟು ಬಿಡುತ್ತದೆ. "ಅದು ಆಗಿ ಹೋಯಿತು. ನಾನು ಈಗ ಇಲ್ಲಿದ್ದೇನೆ" ಅಂತ ಮನಸ್ಸಿಗೆ ಗೊತ್ತಾಗುತ್ತದೆ.

ಇದು ಪಟ್ಟಣದ ದೊಡ್ಡ ಜನರಿಗೆ ಮಾತ್ರ ಅಲ್ಲ. ಆಫ್ರಿಕಾ ಖಂಡದಲ್ಲಿ ಜಾಂಬಿಯಾ ಅಂತ ಒಂದು ದೇಶ ಇದೆ. ಅಲ್ಲಿಯ ಲುಸಾಕಾ ನಗರದಲ್ಲಿ ಕಷ್ಟ ಕಂಡ 257 ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಅದರ ವರದಿ 2015ರಲ್ಲಿ ಬಂತು. ಆ ಮಕ್ಕಳಲ್ಲಿ ಒಂದು ಗುಂಪಿಗೆ ಈ ಮಾತಿನ ಚಿಕಿತ್ಸೆ ಕೊಟ್ಟರು. ಕೊಟ್ಟವರು ಡಾಕ್ಟರುಗಳಲ್ಲ. ತರಬೇತಿ ಪಡೆದ ಅಲ್ಲಿಯ ಸಾಮಾನ್ಯ ಜನ. ಚಿಕಿತ್ಸೆ ಸಿಕ್ಕ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿದರು. ಬಡವರ ಮಕ್ಕಳಿಗೂ ಇದು ನಾಟುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ.

ಯಾರಿಗೂ ಹೇಳಬೇಡ ಅಂತ ಹೆದರಿಸಿದ ಗುಟ್ಟು

ಕೆಲವು ಮಕ್ಕಳ ಬಾಯನ್ನು ದೊಡ್ಡವರೇ ಕಟ್ಟಿರುತ್ತಾರೆ. ಮೈ ಮುಟ್ಟಿ ಕೆಟ್ಟದು ಮಾಡಿದವನು "ಯಾರಿಗಾದರೂ ಹೇಳಿದರೆ ನೋಡು" ಅಂತ ಹೆದರಿಸಿರುತ್ತಾನೆ. ಅವನು ಎಷ್ಟೋ ಸಲ ಗುರುತಿನವನೇ. ಮಗು ಹೇಳಿದರೆ ಮನೆಯವರೂ "ಮರ್ಯಾದೆ ಹೋಗುತ್ತೆ, ಸುಮ್ಮನಿರು" ಅನ್ನುತ್ತಾರೆ. ಆಗ ಗಾಯ ಒಳಗೇ ಕೊಳೆಯುತ್ತದೆ.

ಮಗು ಇಂಥ ಮಾತು ಹೇಳಿದರೆ ನಾವು ಮೊದಲು ಹೇಳಬೇಕಾದದ್ದು ಮೂರು ಮಾತು. "ನಿನ್ನ ಮಾತು ನಂಬುತ್ತೇನೆ. ನಿನ್ನ ತಪ್ಪಿಲ್ಲ. ಹೇಳಿದ್ದು ಒಳ್ಳೆಯದಾಯಿತು." ಇಷ್ಟು ಹೇಳಿದರೆ ಅಲ್ಲಿಂದಲೇ ಚಿಕಿತ್ಸೆ ಶುರು ಆದಂತೆ.

2012ರಲ್ಲಿ ಇದಕ್ಕೆಂದೇ ಒಂದು ಕಾನೂನು ಬಂತು. ಅದನ್ನು ಪೋಕ್ಸೊ ಕಾಯ್ದೆ ಅಂತಾರೆ. 18 ವರ್ಷದೊಳಗಿನ ಹೆಣ್ಣು ಗಂಡು ಎಲ್ಲ ಮಕ್ಕಳಿಗೂ ಇದು ರಕ್ಷಣೆ ಕೊಡುತ್ತದೆ. ಇಂಥ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಪೊಲೀಸರು ಆಗ ಖಾಕಿ ಬಟ್ಟೆ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಣ್ಣು ಮಗುವಾದರೆ ಮಹಿಳಾ ಡಾಕ್ಟರೇ ಪರೀಕ್ಷೆ ಮಾಡಬೇಕು. ಮಗುವಿನ ಹೆಸರು, ಫೋಟೋ, ಊರು ಪತ್ರಿಕೆಯಲ್ಲಿ ಬರಬಾರದು.

ಸಮಾಲೋಚಕರು ಮಗು ಹೇಳಿದ್ದನ್ನು ಊರಿಗೆಲ್ಲ ಹೇಳುವುದಿಲ್ಲ. ಗುಟ್ಟು ಕಾಯುತ್ತಾರೆ. ಆದರೆ ಮಗುವಿನ ಜೀವಕ್ಕೆ ಅಪಾಯ ಇದ್ದರೆ, ಇಂಥ ಅಪರಾಧ ನಡೆದಿದ್ದರೆ, ತಿಳಿಸಬೇಕಾದವರಿಗೆ ತಿಳಿಸುತ್ತಾರೆ. ಇದನ್ನು ಮಗುವಿಗೆ ಮೊದಲೇ ಹೇಳಿರುತ್ತಾರೆ.

ನಾವು ಕೇಳುವ ಪ್ರಶ್ನೆಗಳು

ಮಾತ್ರೆ ಬೇಡವೇ? ಮಕ್ಕಳ ಆಘಾತಕ್ಕೆ ಮೊದಲ ಚಿಕಿತ್ಸೆ ಮಾತು. ನಿದ್ದೆ ಪೂರಾ ಕೆಟ್ಟಿದ್ದರೆ, ಬೇರೆ ತೊಂದರೆ ಇದ್ದರೆ ಡಾಕ್ಟರು ಮಾತ್ರೆ ಕೊಡಬಹುದು. ನಾವೇ ಅಂಗಡಿಯಿಂದ ತಂದು ಕೊಡಬಾರದು. ಡಾಕ್ಟರು ಕೊಟ್ಟದ್ದನ್ನು ನಾವೇ ನಿಲ್ಲಿಸಲೂಬಾರದು.

ದೇವರಿಗೆ ಹರಕೆ ಹೊತ್ತರೆ ತಪ್ಪೇ? ತಪ್ಪಲ್ಲ. ದೇವರಿಗೆ ಕೈ ಮುಗಿದು ಧೈರ್ಯ ಬರುವುದಾದರೆ ಬರಲಿ. ಆದರೆ ದೆವ್ವ ಬಿಡಿಸುತ್ತೇವೆ ಅಂತ ಮಗುವಿಗೆ ಹೊಡೆಯುವುದು, ಬರೆ ಹಾಕುವುದು, ಹೊಗೆ ಕೊಡುವುದು ಬೇಡ. ಹೆದರಿದ ಮಗುವನ್ನು ಇನ್ನೂ ಹೆದರಿಸಿದಂತೆ ಆಗುತ್ತದೆ.

ನಮ್ಮ ಮನಸ್ಸೇ ನೊಂದಿದ್ದರೆ? ನೆರೆಯಲ್ಲಿ ಮನೆ ಕಳಕೊಂಡ ತಾಯಿಗೂ ಆಘಾತ ಆಗಿರುತ್ತದೆ. ಗಂಡನ ಹೊಡೆತ ತಿನ್ನುವ ತಾಯಿಗೂ ಆಗಿರುತ್ತದೆ. ತಾಯಿ ಬತ್ತಿದರೆ ಮಗುವಿಗೆ ನೆರಳು ಎಲ್ಲಿ? ನಮಗೂ ಸಹಾಯ ಕೇಳುವ ಹಕ್ಕಿದೆ. ನಮಗಾಗಿಯೂ ಕೇಳೋಣ.

ಎಲ್ಲಿ ಹೋಗಬೇಕು?

ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಇಲ್ಲವೇ ಸಾಲಿಯ ಶಿಕ್ಷಕರನ್ನು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ತಿಳಿಯಿರಿ.

ಜಿಲ್ಲೆ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ದಾರಿ ತೋರಿಸಿದ್ದು ನಮ್ಮ ಕರ್ನಾಟಕವೇ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಮಾಡಿ ತೋರಿಸಿದರು. 1996ರಲ್ಲಿ ಅದೇ ಮಾದರಿಯ ಮೇಲೆ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಆಯಿತು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಧಾರವಾಡದಲ್ಲೂ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಇದೆ.

ಹೋಗಲು ಆಗದಿದ್ದರೆ ಫೋನು ಮಾಡಿ. ಎರಡು ನಂಬರು ಗೋಡೆಯ ಮೇಲೆ ಬರೆದಿಡಿ.

14416. ಇದು ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರು ಆಯಿತು. ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲಿ ಮಾತಾಡಬಹುದು. ಹಣ ಬೇಡ.

1098. ಇದು ಮಕ್ಕಳ ಸಹಾಯವಾಣಿ. ಮಗುವಿಗೆ ಅಪಾಯ ಇದ್ದಾಗ, ಬಾಲ್ಯವಿವಾಹ ತಡೆಯಬೇಕಾದಾಗ ಇದಕ್ಕೆ ಫೋನು ಮಾಡಿ. ಮಕ್ಕಳೇ ಮಾಡಬಹುದು.

ಅಕ್ಕ ತಂಗಿಯರೇ, ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನೊಂದ ಮಗುವಿನ ವಿಷಯದಲ್ಲಿ ಈ ಗಾದೆ ನಡೆಯುವುದಿಲ್ಲ. ಮಗುವಿನ ಮೌನ ಬಂಗಾರ ಅಲ್ಲ, ಭಾರ. ಆ ಭಾರ ಇಳಿಸಲು ನಾವು ಕೈ ಕೊಡೋಣ. ಇವತ್ತು ರಾತ್ರಿ ಊಟ ಆದ ಮೇಲೆ ಮಕ್ಕಳ ಹತ್ತಿರ ಸ್ವಲ್ಪ ಹೊತ್ತು ಕೂಡೋಣ. ಬುದ್ಧಿ ಹೇಳುವುದು ಬೇಡ. ಸುಮ್ಮನೆ ಕೇಳೋಣ.

ಹೊಸ ಪದಗಳು

ಆಘಾತ: ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟು
ಆಪ್ತ ಸಮಾಲೋಚನೆ: ಕಷ್ಟ ಹೇಳಿಕೊಂಡು ದಾರಿ ಹುಡುಕುವ ಮಾತುಕತೆ
ಮನೋವೈದ್ಯರು: ಮನಸ್ಸಿನ ಕಾಯಿಲೆಯ ಡಾಕ್ಟರು
ದಿನಚರಿ: ದಿನಾ ಮಾಡುವ ಕೆಲಸಗಳ ಕ್ರಮ
ಸಹಾಯವಾಣಿ: ಫೋನಿನಲ್ಲಿ ಸಹಾಯ ಸಿಗುವ ನಂಬರು

ಹೌದು ಅಥವಾ ಅಲ್ಲ, ಹೇಳಿರಿ

1. ಹೆದರಿದ ಮಗುವಿಗೆ ಬೈದರೆ ಹೆದರಿಕೆ ಹೋಗುತ್ತದೆ.
2. ಗಂಡು ಮಕ್ಕಳೂ ಅಳಬಹುದು.
3. ಮಗು ಮಾತಾಡದಿದ್ದರೆ ಒತ್ತಾಯ ಮಾಡಿ ಕೇಳಬೇಕು.
4. ಸಾವಿನ ಮಾತು ಆಡುವ ಮಗುವನ್ನು ಒಂಟಿಯಾಗಿ ಬಿಡಬಾರದು.

ಬಿಟ್ಟ ಸ್ಥಳ ತುಂಬಿರಿ

1. ಟೆಲಿ ಮಾನಸ್ ನಂಬರು ........
2. ಮಕ್ಕಳ ಸಹಾಯವಾಣಿ ನಂಬರು ........
3. ನೋಡು, ಕೇಳು, ........

ಕೂಡಿ ಮಾತಾಡಿರಿ

1. ಹುಡುಗಿ ಕರುವಿನ ವಿಷಯವನ್ನು ಮನೆಯಲ್ಲಿ ಯಾಕೆ ಹೇಳಿರಲಿಲ್ಲ?
2. ಅವ್ವ ದವಾಖಾನೆಗೆ ಹೋಗಲು ಯಾಕೆ ಅಂಜಿದಳು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
3. ನಮ್ಮ ಊರಿನಲ್ಲಿ ಸಾಲಿ ಬಿಟ್ಟ ಮಕ್ಕಳು ಯಾರು? ಅವರ ಮನಸ್ಸಿನಲ್ಲಿ ಏನಿದೆ ಅಂತ ನಾವು ಯಾವತ್ತಾದರೂ ಕೇಳಿದ್ದೇವೆಯೇ?